ಅಚ್ಚಿನ ಸೂಚನೆಗಳನ್ನು ಎಕ್ಸ್‌ಎಂಎಲ್ ಕಡತದೊಳಗೇ ಇಟ್ಟ ಬಗೆ

ನಾನು ನೋಡಿಕೊಳ್ಳುವ ಕೈಪಿಡಿಗಳೆಲ್ಲ ಎಕ್ಸ್‌ಎಂಎಲ್‌ನಲ್ಲಿವೆ, ಅಂದರೆ ಬರಹದ ಪ್ರತಿ ಭಾಗ ಏನೆಂಬುದನ್ನು ಟ್ಯಾಗ್ ಎಂಬ ಗುರುತಿನಿಂದ ಹೇಳುವ ರೂಪದಲ್ಲಿವೆ. ಒಂದೇ ಕಡತದಿಂದ ಅಚ್ಚಿನ ಪುಸ್ತಕವೂ ಹೊರಬರಬೇಕು, ಜಾಲಪುಟವೂ ಆಗಬೇಕು. ಅಚ್ಚಿಗೆ ಹೋಗುವಾಗ ಕೆಲವೆಡೆ ಕೈ ಹಾಕಲೇಬೇಕಾಗುತ್ತದೆ: ಈ ಕೋಷ್ಟಕ ಹೊಸ ಪುಟದಲ್ಲೇ ಶುರುವಾಗಲಿ, ಈ ಶೀರ್ಷಿಕೆ ಪುಟದ ತುದಿಯಲ್ಲಿ ಒಂಟಿಯಾಗಿ ಉಳಿಯದಿರಲಿ. ಇದಕ್ಕಾಗಿ ಹೊಸ ಟ್ಯಾಗ್ ಮಾಡಲು ನನಗೆ ಮನಸ್ಸಾಗಲಿಲ್ಲ. ಪುಟ ಎಲ್ಲಿ ಒಡೆಯಬೇಕೆಂಬುದಕ್ಕೂ ಬರಹದ ಅರ್ಥಕ್ಕೂ ಸಂಬಂಧವಿಲ್ಲ. ಅದು ಪುಟ ಕಟ್ಟುವ ತಂತ್ರಾಂಶಕ್ಕಷ್ಟೇ ಬೇಕಾದ ಮಾತು. ಸಂಸ್ಕರಣಾ ಸೂಚನೆ (ಪ್ರೊಸೆಸಿಂಗ್ ಇನ್‌ಸ್ಟ್ರಕ್ಷನ್), ಅಂದರೆ ಕಡತದೊಳಗೇ ಒಂದು ತಂತ್ರಾಂಶಕ್ಕೆಂದು ಬರೆದಿಡುವ ಸೂಚನೆ, ಇರುವುದೇ ಇಂಥ ಮಾತಿಗೆ. ಯಾವ ಟ್ಯಾಗ್ ಎಲ್ಲಿ ಬರಬಹುದೆಂಬ ನಿಯಮಗಳ ಪಟ್ಟಿಯಾದ ಸ್ಕೀಮಾವನ್ನು ಮುಟ್ಟದೆ, ಕೋಷ್ಟಕದ ಮೇಲಿನ ಸಾಲಿನಲ್ಲಿ ಹೀಗೆ ಬರೆಯುತ್ತೇನೆ:

<?ಕೈಪಿಡಿ-ಮುದ್ರಣ ಪುಟ="ಹೊಸ"?>

ಮೊದಲ ಪದ ಗುರಿ, ಅಂದರೆ ಸೂಚನೆ ಯಾರಿಗೆ ಎಂಬುದು. ಎಕ್ಸ್‌ಎಂಎಲ್ ಹೆಸರುಗಳಲ್ಲಿ ಕನ್ನಡ ಅಕ್ಷರಗಳಿಗೆ ಅಡ್ಡಿಯಿಲ್ಲ. ಗುರಿಗೆ ನೇಮ್‌ಸ್ಪೇಸ್‌ನ (ಬೇರೆಬೇರೆಯವರು ಇಟ್ಟ ಒಂದೇ ಹೆಸರನ್ನು ಬೇರೆಯಾಗಿ ಗುರುತಿಸುವ ವ್ಯವಸ್ಥೆ) ಆಸರೆ ಇಲ್ಲವಾದ್ದರಿಂದ ಬರೀ ‘ಮುದ್ರಣ’ ಎಂದಿಟ್ಟರೆ ಬೇರೊಂದು ತಂತ್ರಾಂಶದ ಸೂಚನೆಯೊಡನೆ ಡಿಕ್ಕಿಯಾಗಬಹುದು. ಹಾಗಾಗಿ ಮುಂದೆ ‘ಕೈಪಿಡಿ’ ಸೇರಿಸಿದೆ. ಉಳಿದ ಭಾಗ ಆಟ್ರಿಬ್ಯೂಟ್‌ನಂತೆ (ಟ್ಯಾಗ್‌ನೊಳಗೆ ಬರೆಯುವ ಹೆಸರು-ಬೆಲೆಯ ಜೋಡಿ) ಕಂಡರೂ, ಕಡತವನ್ನು ಓದಿ ಬಿಡಿಸುವ ತಂತ್ರಾಂಶವಾದ ಪಾರ್ಸರ್‌ಗೆ ಅದೆಲ್ಲ ಒಂದೇ ಸ್ಟ್ರಿಂಗ್, ಅಂದರೆ ಬರೀ ಅಕ್ಷರಗಳ ಸಾಲು. ಬಿಡಿಸಿ ಓದುವ ಕೋಡ್ ನಾನೇ ಬರೆದೆ. ಸೂಚನೆಯೊಳಗೆ ಎಂಟಿಟಿಗಳು (ಬೇರೆ ಪಠ್ಯದ ಬದಲಿಗೆ ಬರೆಯುವ ಕಿರುಹೆಸರುಗಳು) ವಿಸ್ತರಣೆಯಾಗುವುದಿಲ್ಲ, ?> ಎಂಬ ಜೋಡಿ ನಡುವೆ ಬರುವಂತೆಯೂ ಇಲ್ಲ.

ಕಾಮೆಂಟ್‌ನಲ್ಲಿ, ಅಂದರೆ ಕಡತ ತಿದ್ದುವವರಿಗಾಗಿ ಬಿಡುವ ಟಿಪ್ಪಣಿಯಲ್ಲಿ, ಬರೆದರೆ ಸಾಲದೇ ಎಂದು ಹಲವರು ಕೇಳುತ್ತಾರೆ. ಸಾಲದು. 1998ರ ಎಕ್ಸ್‌ಎಂಎಲ್ 1.0 ಮಾನದಂಡದ ಪ್ರಕಾರ ಕಾಮೆಂಟನ್ನು ಪಾರ್ಸರ್ ಅಪ್ಲಿಕೇಶನ್‌ಗೆ ತಲುಪಿಸಲೇಬೇಕೆಂದಿಲ್ಲ, ಸಂಸ್ಕರಣಾ ಸೂಚನೆಯನ್ನು ತಲುಪಿಸಲೇಬೇಕು.

ಹೆಚ್ಚು ಎಚ್ಚರ ಬೇಕಾದದ್ದು ನಡುವಿನ ಸಲಕರಣೆಗಳಲ್ಲಿ. ಪೈಥಾನ್ ಭಾಷೆಯಲ್ಲಿ ಎಕ್ಸ್‌ಎಂಎಲ್ ಓದಿ ಬರೆಯುವ ಎಲಿಮೆಂಟ್‌ಟ್ರೀ, ಬೇರೆ ಹೇಳದಿದ್ದರೆ, ಈ ಸೂಚನೆಗಳನ್ನು ಸದ್ದಿಲ್ಲದೆ ಬಿಟ್ಟುಬಿಡುತ್ತದೆ. ಕಡತ ತೆರೆದು, ಒಂದು ಅಕ್ಷರ ತಿದ್ದಿ, ಉಳಿಸಿದರೆ ಸಾಕು, ಪುಟದ ಸೂಚನೆಗಳು ಮಾಯ! ಅದೇ ಕೆಲಸ ಮಾಡಿದರೂ ಅವನ್ನು ಉಳಿಸಿಕೊಳ್ಳುವ ಎಲ್‌ಎಕ್ಸ್‌ಎಂಎಲ್ ಅನ್ನು ನಾನು ಬಳಸುವುದು ಇದಕ್ಕೇ. ಎಕ್ಸ್‌ಎಂಎಲ್ ಕಡತವನ್ನು ಬೇರೆ ರೂಪಕ್ಕೆ ಬದಲಿಸುವ ಎಕ್ಸ್‌ಎಸ್‌ಎಲ್‌ಟಿ ಭಾಷೆಯಲ್ಲೂ ಹೀಗೆಯೇ: ಎಲಿಮೆಂಟ್, ಆಟ್ರಿಬ್ಯೂಟ್, ಪಠ್ಯ ಇಷ್ಟನ್ನೇ ನಕಲಿಸುವ ಟೆಂಪ್ಲೇಟ್ ಬರೆದರೆ ಸೂಚನೆ ದಾಟಿ ಬರುವುದಿಲ್ಲ, ಎಲ್ಲ ಬಗೆಯ ನೋಡ್‌ಗಳನ್ನೂ (ಪಾರ್ಸರ್ ಕಡತವನ್ನು ಬಿಡಿಸಿಡುವ ತುಣುಕುಗಳು) ಹಿಡಿಯಬೇಕು. ಪ್ರತಿ ಹಂತದ ಹಿಂದೆ ಮುಂದೆ ಸೂಚನೆಗಳನ್ನು ಎಣಿಸಿ, ಲೆಕ್ಕ ತಪ್ಪಿದರೆ ಕೆಲಸ ನಿಲ್ಲಿಸುವ ಸಣ್ಣ ಸ್ಕ್ರಿಪ್ಟ್ ಇಟ್ಟಿದ್ದೇನೆ. ಜಾಲಪುಟಕ್ಕೆ ಹೋಗುವ ಪ್ರತಿಯಲ್ಲಿ ಅವನ್ನು ನಾನೇ ತೆಗೆಯುತ್ತೇನೆ, ಏಕೆಂದರೆ ಎಚ್‌ಟಿಎಂಎಲ್ ಪಾರ್ಸರ್ ಇವನ್ನು ಕಾಮೆಂಟ್ ಎಂದೇ ಭಾವಿಸುತ್ತದೆ.

ವಾಕ್ಯದ ನಡುವೆ ಸೂಚನೆ ಇಡುವುದಿಲ್ಲ. ಇಟ್ಟರೆ ಅಲ್ಲಿ ಪಠ್ಯದ ನೋಡ್ ಎರಡು ತುಂಡಾಗುತ್ತದೆ. ನೋಡ್‌ಗಳನ್ನು ಒಂದೊಂದಾಗಿ ಹುಡುಕುವ ಕೋಡ್‌ಗೆ ಆ ಪದಗುಚ್ಛ ಸಿಗುವುದೇ ಇಲ್ಲ.

ಯಾವುದನ್ನು ಸೂಚನೆಯಾಗಿಸಬಹುದು ಎಂಬುದಕ್ಕೆ ನನ್ನ ಪರೀಕ್ಷೆ ಒಂದೇ: ಎಲ್ಲ ಸೂಚನೆಗಳನ್ನೂ ಕಿತ್ತು ಹಾಕಿ ಓದಬೇಕು. ಪುಟಗಳು ಅಂದಗೆಟ್ಟರೆ ಪರವಾಗಿಲ್ಲ, ಹೇಳಿದ ವಿಷಯ ಬದಲಾಗಬಾರದು. ‘ಈ ಭಾಗ ನಿರ್ವಾಹಕರಿಗೆ ಮಾತ್ರ’ ಎಂಬುದನ್ನೂ ಸೂಚನೆಯಾಗಿ ಬರೆಯೋಣ ಎಂದು ಸಹೋದ್ಯೋಗಿಯೊಬ್ಬರು ಕೇಳಿದಾಗ ನಾನು ಒಪ್ಪಲಿಲ್ಲ. ಯಾವುದೋ ಸಲಕರಣೆ ಅದನ್ನು ಉದುರಿಸಿದರೆ ನಿರ್ವಾಹಕರ ಭಾಗ ಎಲ್ಲರ ಪ್ರತಿಯಲ್ಲೂ ಅಚ್ಚಾಗುತ್ತದೆ. ಅದೀಗ ಸ್ಕೀಮಾದಲ್ಲಿ ಕಡ್ಡಾಯ ಆಟ್ರಿಬ್ಯೂಟ್ ಆಗಿದೆ. ಬಿಟ್ಟುಹೋದರೆ ಕಡತ ಪರಿಶೀಲನೆಯನ್ನೇ ದಾಟುವುದಿಲ್ಲ.