ಥೀಸಿಸ್ ಮುಗಿಯುವ ತನಕ ಕಾಯಬೇಡಿ: ಅಮೆರಿಕದಲ್ಲಿ ರೈಟಿಂಗ್ ಸೆಂಟರ್ ಬಳಸುವ ಬಗೆ

ಎಂಎಸ್, ಪಿಎಚ್‌ಡಿ ಅಂತ ಅಮೆರಿಕಕ್ಕೆ ಬಂದ ನಮ್ಮವರಲ್ಲಿ ಬಹಳ ಮಂದಿ ರೈಟಿಂಗ್ ಸೆಂಟರ್, ಅಂದರೆ ವಿದ್ಯಾರ್ಥಿಗಳ ಬರವಣಿಗೆಗೆ ಸಲಹೆ ಕೊಡುವ ಯೂನಿವರ್ಸಿಟಿಯ ಕೇಂದ್ರದ ಕಡೆ ತಲೆಹಾಕುವುದೇ ಇಲ್ಲ. ಅದು ಇಂಗ್ಲಿಷ್ ಬಾರದವರ ಜಾಗ ಅನ್ನುವ ಭಾವನೆ. ಆದರೆ ಅಮೆರಿಕದಲ್ಲೇ ಹುಟ್ಟಿ ಬೆಳೆದವರೂ ಅಲ್ಲಿಗೆ ಹೋಗುತ್ತಾರೆ. ಸಾಮಾನ್ಯವಾಗಿ ನೀವು ಕಟ್ಟುವ ಫೀಸಿನಲ್ಲೇ ಇದೂ ಸೇರಿರುತ್ತದೆ, ಬೇರೆ ದುಡ್ಡು ಕೊಡಬೇಕಿಲ್ಲ. ಇಂಡಿಯಾನಾದ ಪರ್ಡ್ಯೂ ಯೂನಿವರ್ಸಿಟಿಯ ರೈಟಿಂಗ್ ಲ್ಯಾಬ್ 1976ರಿಂದ ಇದೆ. 'ಔಲ್' ಎಂಬ ಅದರ ಆನ್‌ಲೈನ್ ವಿಭಾಗವನ್ನು ಯಾರು ಬೇಕಾದರೂ ಉಚಿತವಾಗಿ ಓದಬಹುದು. ಎಪಿಎ, ಐಇಇಇ ಪದ್ಧತಿಯ ಉಲ್ಲೇಖಗಳನ್ನು ವೀಸಾ ಬರುವ ಮೊದಲೇ ಊರಲ್ಲಿ ಕೂತು ಕಲಿತುಕೊಳ್ಳಬಹುದು.

ಯೂನಿವರ್ಸಿಟಿ ಈಮೇಲ್‌ನಿಂದ ಸೆಂಟರ್‌ನ ಪುಟದಲ್ಲಿ ರಿಜಿಸ್ಟರ್ ಮಾಡಿ, ಖಾಲಿ ಸಮಯ ನೋಡಿ ಬುಕ್ ಮಾಡಿ. ಒಂದು ಭೇಟಿ ಸಾಮಾನ್ಯವಾಗಿ ಅರ್ಧ ಗಂಟೆಯಿಂದ ಒಂದು ಗಂಟೆ. ವಾರಕ್ಕೆ ಇಷ್ಟೇ ಭೇಟಿ ಅನ್ನುವ ಮಿತಿ ಹೆಚ್ಚಿನ ಕಡೆ ಇದೆ. ಹೇಳದೆ ಕೇಳದೆ ಒಂದೆರಡು ಸಲ ತಪ್ಪಿಸಿದರೆ ಆ ಸೆಮಿಸ್ಟರ್ ಪೂರ್ತಿ ನಿಮ್ಮ ಖಾತೆ ಬಂದ್ ಆಗಬಹುದು, ಹಾಗಾಗಿ ಬರಲಾಗದಿದ್ದರೆ ಮೊದಲೇ ಕ್ಯಾನ್ಸಲ್ ಮಾಡಿ. ನವೆಂಬರ್ ಮತ್ತು ಏಪ್ರಿಲ್‌ನಲ್ಲಿ ಜಾಗ ಸಿಗುವುದೇ ಕಷ್ಟ. ಆಗ ವೇಟ್‌ಲಿಸ್ಟ್‌ಗೆ ಹೆಸರು ಹಾಕಿಡಿ, ಕೊನೆ ಗಳಿಗೆಯಲ್ಲಿ ಬಿಡುವವರು ಇದ್ದೇ ಇರುತ್ತಾರೆ.

ಎಲ್ಲಕ್ಕಿಂತ ಹೆಚ್ಚು ನಿರಾಸೆಯಾಗುವುದು ಒಂದೇ ಕಾರಣಕ್ಕೆ: ನೂರು ಪುಟದ ಥೀಸಿಸ್ ಹಿಡಿದುಕೊಂಡು ಹೋಗಿ 'ಗ್ರಾಮರ್ ಸರಿ ಮಾಡಿಕೊಡಿ' ಅನ್ನುವುದು. ಸೆಂಟರ್‌ನ ಸಲಹೆಗಾರರು ಪ್ರೂಫ್ ತಿದ್ದಿಕೊಡುವುದಿಲ್ಲ. ಪಕ್ಕದಲ್ಲಿ ಕೂತು ಓದುತ್ತಾರೆ, ಎಲ್ಲಿ ಅರ್ಥವಾಗಲಿಲ್ಲ ಅಂತ ಹೇಳುತ್ತಾರೆ, ಪದೇ ಪದೇ ಬರುವ ಒಂದು ತಪ್ಪನ್ನು ತೋರಿಸಿ ಉಳಿದದ್ದನ್ನು ನೀವೇ ಹುಡುಕುವ ಹಾಗೆ ಮಾಡುತ್ತಾರೆ. ಗಟ್ಟಿಯಾಗಿ ಓದಿ ಚರ್ಚಿಸುತ್ತಾ ಹೋದರೆ ಒಂದು ಗಂಟೆಗೆ ಡಬಲ್ ಸ್ಪೇಸ್‌ನ ಐದಾರು ಪುಟ ಮುಗಿದರೆ ಹೆಚ್ಚು. ಆದ್ದರಿಂದ ಅಷ್ಟನ್ನೇ ಒಯ್ಯಿರಿ, ಜೊತೆಗೆ ಒಂದೇ ಪ್ರಶ್ನೆ ಇರಲಿ. 'ಇದು ಹೇಗಿದೆ?' ಅಂದರೆ 'ಚೆನ್ನಾಗಿದೆ' ಅನ್ನುವ ಉತ್ತರವೇ ಬರುತ್ತದೆ. 'ಎರಡನೇ ಪ್ಯಾರಾದಿಂದ ಮೂರನೆಯದಕ್ಕೆ ಕೊಂಡಿ ಇದೆಯೇ?' ಅಂತ ಕೇಳಿ. ಲೇಟೆಕ್ (ಕೋಡ್ ಬರೆದು ಪುಟ ಜೋಡಿಸುವ ತಂತ್ರಾಂಶ) ಬಳಸುವವರು ಸಾಲಿನ ಸಂಖ್ಯೆ ಹಾಕಿದ ಪಿಡಿಎಫ್ ತನ್ನಿ, ಕೋಡ್ ತೋರಿಸಬೇಡಿ.

ಈ ಸಲಹೆಗಾರರಿಗೆ ನಿಮ್ಮ ವಿಷಯ ಗೊತ್ತಿರುವುದಿಲ್ಲ, ಬಹಳ ಸಲ ಅವರು ಸಾಹಿತ್ಯ ಓದುವ ಪಿಎಚ್‌ಡಿ ವಿದ್ಯಾರ್ಥಿ. ಅದೇ ಒಳ್ಳೆಯದು. ಪೀಠಿಕೆ ಬರೆಯುವಾಗ ಇದರ ಪ್ರಯೋಜನ ಗೊತ್ತಾಗುತ್ತದೆ. ಭಾಷಾವಿಜ್ಞಾನಿ ಜಾನ್ ಸ್ವೇಲ್ಸ್ 1990ರಲ್ಲಿ ವಿವರಿಸಿದಂತೆ ಸಂಶೋಧನಾ ಲೇಖನದ ಪೀಠಿಕೆಗೆ ಮೂರು ಹೆಜ್ಜೆ: ಈ ಕ್ಷೇತ್ರ ಯಾಕೆ ಮುಖ್ಯ, ಇಲ್ಲಿ ಏನು ಬಾಕಿ ಉಳಿದಿದೆ, ಅದನ್ನು ನಾನು ಹೇಗೆ ತುಂಬುತ್ತೇನೆ. ನಮ್ಮವರು ಮೊದಲ ಹೆಜ್ಜೆಗೇ ಮೂರು ಪುಟ ಸುರಿದು, ಎರಡನೆಯದನ್ನು ಹಾರಿಸಿಬಿಡುತ್ತಾರೆ. ವಿಷಯ ಗೊತ್ತಿಲ್ಲದವರು 'ಹಾಗಾದರೆ ತೊಂದರೆ ಏನು?' ಅಂದ ಕೂಡಲೇ ಆ ಕಂದಕ ಕಾಣುತ್ತದೆ.

ಈಗ ಕೃತಿಚೌರ್ಯದ ಮಾತು. ಊರಿನ ಕಾಲೇಜಿನಲ್ಲಿ ಸೀನಿಯರ್‌ಗಳ ಪ್ರಾಜೆಕ್ಟ್ ರಿಪೋರ್ಟ್‌ನಿಂದ ಎರಡು ಪ್ಯಾರಾ ಎತ್ತಿಕೊಂಡರೆ ಯಾರೂ ಕೇಳದೆ ಇರಬಹುದು, ಇಲ್ಲಿ ಅಡ್ಮಿಷನ್ನಿಗೇ ಕುತ್ತು. ಕೊನೆಗೆ ಉಲ್ಲೇಖ ಹಾಕಿದ ಮಾತ್ರಕ್ಕೆ ತಪ್ಪಿಸಿಕೊಳ್ಳಲಾಗದು: ಬೇರೆಯವರ ವಾಕ್ಯ ಹಾಗೇ ಬಂದರೆ ಉದ್ಧರಣ ಚಿಹ್ನೆಯೂ ಬೇಕು. ನಾಲ್ಕು ಪದ ಬದಲಿಸಿ ವಾಕ್ಯರಚನೆ ಅದೇ ಉಳಿಸಿಕೊಂಡರೂ ಸಿಕ್ಕಿಬೀಳುತ್ತೀರಿ. ನಿಮ್ಮದೇ ಹಳೆಯ ಪೇಪರಿನ ಪ್ಯಾರಾ ಮತ್ತೆ ಬಳಸುವುದಕ್ಕೂ ನಿಯಮ ಇದೆ. ಥೀಸಿಸ್ ಒಪ್ಪಿಸುವ ಮೊದಲು ಹಲವು ಯೂನಿವರ್ಸಿಟಿಗಳು ಐಥೆಂಟಿಕೇಟ್ ಎಂಬ ಕೃತಿಚೌರ್ಯ ಪತ್ತೆಹಚ್ಚುವ ತಂತ್ರಾಂಶದಲ್ಲಿ ಪರೀಕ್ಷಿಸುತ್ತವೆ. ಮೂಲ ಮುಚ್ಚಿಟ್ಟು ಬರೆದು, ಆಮೇಲೆ ತೆಗೆದು ಹೋಲಿಸುವ ಅಭ್ಯಾಸ ಮೊದಲ ಸೆಮಿಸ್ಟರ್‌ನಲ್ಲೇ ಬೆಳೆಸಿಕೊಳ್ಳಿ, ಅನುಮಾನ ಬಂದ ಪ್ಯಾರಾವನ್ನು ಮೂಲದ ಸಮೇತ ಸೆಂಟರ್‌ಗೆ ಒಯ್ಯಿರಿ. ನೀವು ಕೇಳದೆ ಅವರು ಪ್ರೊಫೆಸರ್‌ಗೆ ವರದಿ ಕಳಿಸುವುದು ವಾಡಿಕೆಯಲ್ಲ. ಚಾಟ್‌ಜಿಪಿಟಿ ವಿಚಾರದಲ್ಲಿ ಒಂದೊಂದು ಕೋರ್ಸಿಗೆ ಒಂದೊಂದು ನಿಯಮ, ಸಿಲೆಬಸ್ ನೋಡಿ. ಗೈಡ್ ಒಪ್ಪಿಗೆಯಿಲ್ಲದೆ ಪ್ರಕಟವಾಗದ ಡೇಟಾವನ್ನು ಅದಕ್ಕೆ ಹಾಕಲೇಬೇಡಿ.

ಟೇಕ್‌ಹೋಮ್ (ಮನೆಯಲ್ಲಿ ಕೂತು ಬರೆಯುವ) ಪರೀಕ್ಷೆಯ ಉತ್ತರವನ್ನು ಪ್ರೊಫೆಸರ್ ಅನುಮತಿ ಇಲ್ಲದೆ ಸೆಂಟರ್‌ನಲ್ಲಿ ತೋರಿಸುವಂತಿಲ್ಲ.

ಎಲ್ಲ ಕೆಲಸಕ್ಕೂ ಇದೇ ಬಾಗಿಲು ತಟ್ಟಬೇಡಿ. ಹಿಂದಿನ ಲೇಖನ ಹುಡುಕಲು, ಉಲ್ಲೇಖಗಳನ್ನು ಜೋಡಿಸಿಡುವ ಝೊಟೆರೊ ತಂತ್ರಾಂಶ ಕಲಿಯಲು ನಿಮ್ಮ ವಿಭಾಗದ ಲೈಬ್ರರಿಯನ್ ಇದ್ದಾರೆ. ಅಂಕಿಅಂಶದ ಲೆಕ್ಕಕ್ಕೆ ಸ್ಟ್ಯಾಟಿಸ್ಟಿಕ್ಸ್ ವಿಭಾಗದ ಸಲಹಾ ಸೇವೆ ಇದೆಯೇ ವಿಚಾರಿಸಿ. ಟಿಎ (ಟೀಚಿಂಗ್ ಅಸಿಸ್ಟೆಂಟ್) ಆಗಲು ಬೇಕಾದ ಮಾತಿನ ಪರೀಕ್ಷೆಯ ತರಬೇತಿ ಬೇರೆ ಕಚೇರಿಯದ್ದು. ಮಾರ್ಜಿನ್, ಪುಟಸಂಖ್ಯೆ ಪರಿಶೀಲಿಸುವವರು ಗ್ರಾಜುಯೇಟ್ ಸ್ಕೂಲ್‌ನವರು, ಅವರ ಗಡುವು ಡಿಫೆನ್ಸ್ (ಥೀಸಿಸ್‌ನ ಮೌಖಿಕ ಪರೀಕ್ಷೆ) ದಿನಾಂಕಕ್ಕಿಂತ ಬೇರೆ ಇರುತ್ತದೆ. ಶರತ್ಕಾಲದಲ್ಲಿ ಎನ್‌ಎಸ್‌ಎಫ್ (ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನ) ಗ್ರಾಜುಯೇಟ್ ಫೆಲೋಶಿಪ್ ಕಾರ್ಯಾಗಾರಗಳ ಪೋಸ್ಟರ್ ಎಲ್ಲೆಲ್ಲೂ ಕಾಣುತ್ತದೆ. ಎಫ್-1 ವಿದ್ಯಾರ್ಥಿ ವೀಸಾದವರು ಆ ಫೆಲೋಶಿಪ್‌ಗೆ ಅರ್ಜಿ ಹಾಕುವಂತಿಲ್ಲ, ಸಂಜೆ ಹಾಳುಮಾಡಿಕೊಳ್ಳಬೇಡಿ.

ಪಿಎಚ್‌ಡಿಯವರು ಡಿಸರ್ಟೇಶನ್ ಬೂಟ್‌ಕ್ಯಾಂಪ್ ಮಾತ್ರ ಬಿಡಬೇಡಿ. ರಜೆಯ ವೇಳೆ ಕೆಲವು ದಿನ ಒಂದೇ ಕೋಣೆಯಲ್ಲಿ ಎಲ್ಲರೂ ಕೂತು ಬರೆಯುವುದು, ಅಷ್ಟೇ. ಡೇಟಾ ವಿಶ್ಲೇಷಣೆ ಮುಗಿಸಿ ಹೋಗಿ, ಇಲ್ಲದಿದ್ದರೆ ಆ ದಿನಗಳೆಲ್ಲ ಗ್ರಾಫ್ ತಿದ್ದುವುದರಲ್ಲೇ ಕಳೆಯುತ್ತವೆ.