ಗಣಿ ಗೋಡೆ ಮೇಲಿನ ಸಲ್ಫೇಟ್ ಹರಳು ಹೊಸ ಖನಿಜನಾ? ಕೀಳೋದ್ರಿಂದ ಹಿಡಿದು ಹೆಸರಿಡೋ ತನಕ

ಹಳೇ ಗಣಿ ಸುರಂಗದ ಗೋಡೆ ಮೇಲೆ ಬಿಳಿ, ಹಳದಿ, ತಿಳಿಹಸಿರು ಬಣ್ಣದಲ್ಲಿ ಉಪ್ಪು ಹೂ ಬಿಟ್ಟ ಥರ ಬೆಳೆದಿರುತ್ತಲ್ಲ, ಅದನ್ನ ಬಹಳ ಜನ ಕೊಳೆ ಅಂದ್ಕೊಂಡು ಮುಂದೆ ಹೋಗಿಬಿಡ್ತಾರೆ. ಹಾಗೆ ಹೋಗ್ಬೇಡಿ. ಅಮೆರಿಕದ ಯೂಟಾದಲ್ಲಿರೋ ಬ್ಲೂ ಲಿಜಾರ್ಡ್ ಅನ್ನೋ ಹಳೇ ಯುರೇನಿಯಂ ಗಣಿ ಒಂದ್ರಲ್ಲೇ ಇಂಥ ಗೋಡೆಗಳಿಂದ ಹತ್ತಕ್ಕೂ ಹೆಚ್ಚು ಹೊಸ ಖನಿಜ ಸಿಕ್ಕಿವೆ, ಅದ್ರಲ್ಲಿ ಒಂದಕ್ಕೆ ಗಣಿ ಹೆಸರನ್ನೇ ಇಟ್ಟು ಬ್ಲೂಲಿಜಾರ್ಡೈಟ್ ಅಂತ ಕರೀತಾರೆ.

ಇವು ಹುಟ್ಟೋದು ಹೇಗೆ ಅಂತ ತಿಳ್ಕೊಂಡ್ರೆ ಎಲ್ಲಿ ಹುಡುಕ್ಬೇಕು ಅನ್ನೋದು ತಾನಾಗೇ ಗೊತ್ತಾಗುತ್ತೆ. ಬಂಡೆಲಿರೋ ಪೈರೈಟ್ (ಕಬ್ಬಿಣ ಮತ್ತು ಗಂಧಕ ಸೇರಿದ ಖನಿಜ) ಗಾಳಿಗೂ ನೀರಿಗೂ ಸಿಕ್ಕಿದಾಗ ಗಂಧಕಾಮ್ಲ ಹುಟ್ಟುತ್ತೆ, ಆ ಆಸಿಡ್ ಅದಿರಲ್ಲಿರೋ ತಾಮ್ರ, ಸತು, ಯುರೇನಿಯಂ ಹೀಗೆ ಏನಿದೆಯೋ ಅದನ್ನ ಕರಗಿಸ್ಕೊಂಡು ಜಿನುಗ್ತಾ ಬಂದು ಗೋಡೆ ಮೇಲೆ ಒಣಗುತ್ತೆ, ಒಣಗಿದ ಜಾಗದಲ್ಲಿ ಸಲ್ಫೇಟ್ (ಗಂಧಕಾಮ್ಲದ ಲವಣ) ಹರಳು ಕಟ್ಟುತ್ತೆ. ಕ್ಯಾಲಿಫೋರ್ನಿಯಾದ ರಿಚ್ಮಂಡ್ ಗಣಿಯಲ್ಲಿ ಇಂಥ ನೀರಿನ ಪಿಎಚ್ (ಕಡಿಮೆ ಆದಷ್ಟೂ ಆಸಿಡ್ ಜೋರು) ಮೈನಸ್ 3.6 ತನಕ ಇಳಿದಿದ್ದು ದಾಖಲಾಗಿದೆ. ಹಾಗಾಗಿ ನೀರು ಹರಿಯೋ ಕಡೆ ಅಲ್ಲ, ಜಿನುಗಿ ನಿಧಾನಕ್ಕೆ ಒಣಗೋ ಮೂಲೆಗಳನ್ನ ನೋಡಿ. ಗಣಿ ಮಾಲೀಕರ ಅನುಮತಿ ಇಲ್ದೆ ಒಳಗೆ ಕಾಲಿಡ್ಬೇಡಿ, ಒಬ್ರೇ ಅಂತೂ ಹೋಗ್ಲೇಬೇಡಿ. ಪೈರೈಟ್ ಆಕ್ಸಿಡೈಸ್ ಆಗ್ತಾ ಗಾಳಿಲಿರೋ ಆಮ್ಲಜನಕನೂ ತಿಂದುಬಿಡುತ್ತೆ, ಗ್ಯಾಸ್ ಮೀಟರ್ ಬೇಕೇಬೇಕು, ಯುರೇನಿಯಂ ಗಣಿ ಆದ್ರೆ ರೇಡಾನ್ ಅನ್ನೋ ವಿಕಿರಣ ಸೂಸೋ ಅನಿಲ ಕೂಡ ಇರುತ್ತೆ.

ಈಗ ಮುಖ್ಯ ವಿಷ್ಯ. ಈ ಹರಳುಗಳ ಗುರುತು ಇರೋದೇ ಅದ್ರೊಳಗಿನ ನೀರಲ್ಲಿ. ಕಬ್ಬಿಣದ ಸಲ್ಫೇಟ್‌ನೇ ತಗೊಳ್ಳಿ, 7 ನೀರಿನ ಅಣು ಇದ್ರೆ ಮೆಲಾಂಟರೈಟ್ (ನಮ್ಮ ಅನ್ನಭೇದಿನೇ), 4 ಇದ್ರೆ ರೋಜನೈಟ್, 1 ಇದ್ರೆ ಸೊಮೊಲ್ನೊಕೈಟ್, ಮೂರೂ ಬೇರೆಬೇರೆ ಖನಿಜ. ಎಪ್ಸೊಮೈಟ್ (ಮೆಗ್ನೀಸಿಯಂ ಸಲ್ಫೇಟ್) ತೂಕದಲ್ಲಿ ಅರ್ಧಕ್ಕಿಂತ ಜಾಸ್ತಿ ನೀರೇ, ಅದನ್ನ ಒಣ ರೂಮಲ್ಲಿ ಬಿಟ್ರೆ ಒಂದು ಅಣು ಕಳ್ಕೊಂಡು ಹೆಕ್ಸಾಹೈಡ್ರೈಟ್ ಆಗುತ್ತೆ. ಅಂದ್ರೆ ನೀವು ಕಿತ್ತಿದ್ದು ಒಂದು ಖನಿಜ, ಲ್ಯಾಬ್‌ಗೆ ತಲುಪಿದ್ದು ಇನ್ನೊಂದು ಆಗಿರಬಹುದು. ನಾನು ಒಂದ್ಸಲ ಚಂದದ ತಿಳಿಹಸಿರು ಹರಳನ್ನ ಕಾಗದದಲ್ಲಿ ಸುತ್ತಿಟ್ಟಿದ್ದೆ, ಬಿಚ್ಚಿ ನೋಡಿದ್ರೆ ಬಿಳಿ ಪುಡಿ, ಅದೇನಾಗಿತ್ತು ಅಂತ ತಿಳ್ಕೊಳ್ಳೋ ದಾರಿನೇ ಉಳಿದಿರ್ಲಿಲ್ಲ, ಇವತ್ತಿಗೂ ಬೇಜಾರಾಗುತ್ತೆ.

ಅದಕ್ಕೇ ಕೀಳೋ ಮೊದ್ಲೇ ಫೋಟೋ ತೆಗೀರಿ, ಆ ಜಾಗದ ಉಷ್ಣತೆ ಮತ್ತು ತೇವಾಂಶ ಬರ್ಕೊಳ್ಳಿ, ಪಕ್ಕದಲ್ಲಿ ಯಾವ್ಯಾವ ಖನಿಜ ಇದೆ ಅನ್ನೋದನ್ನೂ. ಸುತ್ತಿಗೆ ಬೇಡ, ಸೂಜಿ ಮತ್ತು ಚಿಮುಟ ಸಾಕು. ಗಾಳಿಯಾಡದ ಸಣ್ಣ ಗಾಜಿನ ಶೀಶೆಗೆ ಅಲ್ಲೇ ಹಾಕಿ ಮುಚ್ಚಿ, ಬಿಸಿಲಿಗೆ ಇಡ್ಬೇಡಿ. ನೀರಲ್ಲಂತೂ ತೊಳೀಲೇಬೇಡಿ, ಇವುಗಳಲ್ಲಿ ಬಹಳಷ್ಟು ನಿಮ್ಮ ಕಣ್ಣೆದುರೇ ಕರಗಿ ಹೋಗುತ್ವೆ.

ಲ್ಯಾಬಲ್ಲಿ ಮೊದ್ಲು ಮೈಕ್ರೋಸ್ಕೋಪ್ ಕೆಳಗೆ ಬೇರೆಬೇರೆ ಥರದ ಹರಳು ಬೇರ್ಪಡಿಸಿ, ಆಮೇಲೆ ರಾಮನ್ ಪರೀಕ್ಷೆ (ಲೇಸರ್ ಬೆಳಕು ಬಿಟ್ಟು, ಚದುರಿ ಬಂದ ಬೆಳಕಿಂದ ವಸ್ತುವಿನ ಗುರುತು ಹಿಡಿಯೋದು). ಸಲ್ಫೇಟ್ ಆದ್ರೆ ರಾಮನ್ ಗ್ರಾಫಲ್ಲಿ 1000 cm⁻¹ ಆಸುಪಾಸಲ್ಲಿ ಗಟ್ಟಿ ಪೀಕ್ ಬರುತ್ತೆ, 3000ದಿಂದ 3600ರ ಮಧ್ಯೆ ಅಗಲ ದಿಬ್ಬ ಇದ್ರೆ ನೀರು ಇದೆ ಅಂತ. ಇದು ಮತ್ತು ಪೌಡರ್ ಎಕ್ಸ್‌ರೇ (ಪುಡಿ ಮಾಡಿದ ಹರಳಿಂದ ಎಕ್ಸ್‌ರೇ ಚದುರೋ ವಿನ್ಯಾಸ) ಎರಡನ್ನೂ ಡೇಟಾಬೇಸ್ ಜೊತೆ ಹೋಲಿಸಿ, ಬಹುಪಾಲು ಗೊತ್ತಿರೋ ಖನಿಜನೇ ಆಗಿರುತ್ತೆ, ಎದೆಗುಂದಬೇಡಿ. ಎಲ್ಲೂ ಹೊಂದಲಿಲ್ಲ ಅಂದ್ರೆ ಆಗ ಸಿಂಗಲ್ ಕ್ರಿಸ್ಟಲ್ ಎಕ್ಸ್‌ರೇ, ಅಂದ್ರೆ ಒಂದೇ ಹರಳಿಂದ ಪರಮಾಣುಗಳ ಜೋಡಣೆ ತಿಳಿಯೋದು. ಹರಳನ್ನ ಎಣ್ಣೆಲಿ ಅದ್ದಿ, ತಣ್ಣನೆ ನೈಟ್ರೋಜನ್ ಗಾಳಿಲಿ ಇಟ್ಟು ಅಳೆದ್ರೆ ನೀರು ಆರಿಹೋಗಲ್ಲ. ನನ್ನ ಪ್ರಕಾರ ಹೈಡ್ರೇಟೆಡ್ (ಒಳಗೆ ನೀರಿರೋ) ಸಲ್ಫೇಟ್‌ಗೆ ಇದಕ್ಕಿಂತ ದೊಡ್ಡ ಸಾಕ್ಷಿ ಇಲ್ಲ, ಯಾಕಂದ್ರೆ ಎಷ್ಟು ನೀರಿನ ಅಣು, ಎಲ್ಲೆಲ್ಲಿ ಕೂತಿದೆ ಅನ್ನೋದು ಇದ್ರಲ್ಲೇ ಕಾಣುತ್ತೆ.

ರಾಸಾಯನಿಕ ಸಂಯೋಜನೆಗೆ ಎಲೆಕ್ಟ್ರಾನ್ ಮೈಕ್ರೋಪ್ರೋಬ್ (ಎಲೆಕ್ಟ್ರಾನ್ ಬೀಮ್ ಬಿಟ್ಟು ಯಾವ ಧಾತು ಎಷ್ಟಿದೆ ಅಂತ ಅಳೆಯೋ ಯಂತ್ರ) ಬೇಕು, ಇಲ್ಲಿ ಹುಷಾರು. ಪ್ರೋಬ್ ಒಳಗೆ ನಿರ್ವಾತ, ಮೇಲಿಂದ ಎಲೆಕ್ಟ್ರಾನ್ ಏಟು, ಹರಳಿನ ನೀರು ಹಾರಿಹೋಗುತ್ತೆ. ಕರೆಂಟ್ ಕಡಿಮೆ ಇಟ್ಟು, ಬೀಮ್‌ನ 10–20 ಮೈಕ್ರಾನ್ ಅಗಲ ಮಾಡಿ. ಹೈಡ್ರೋಜನ್ ಪ್ರೋಬ್‌ಗೆ ಕಾಣಲ್ಲ, ಹಾಗಾಗಿ ನೀರನ್ನ ಕ್ರಿಸ್ಟಲ್ ರಚನೆಯಿಂದ ಲೆಕ್ಕ ಹಾಕಿ ಸೇರಿಸ್ತಾರೆ. ಸೇರಿಸಿದಾಗ ಒಟ್ಟು ಶೇಕಡಾ 100 ದಾಟಿದ್ರೆ ಗಾಬರಿ ಬೇಡ, ನಿರ್ವಾತದಲ್ಲಿ ನೀರು ಹೋಗಿದ್ರಿಂದ ಉಳಿದಿದ್ದು ಜಾಸ್ತಿ ತೋರಿಸಿರುತ್ತೆ. ಅದನ್ನ ಮುಚ್ಚಿಡದೆ ಹಾಗೇ ಬರೀರಿ.

ಬಣ್ಣ, ಗಡಸುತನ, ಸಾಂದ್ರತೆ, ವಕ್ರೀಭವನ ಸೂಚ್ಯಂಕ (ಹರಳೊಳಗೆ ಬೆಳಕು ಎಷ್ಟು ಬಾಗುತ್ತೆ ಅನ್ನೋ ಅಳತೆ) ಇವನ್ನೂ ಅಳೀಬೇಕು. ಆಮೇಲೆ ಗ್ಲ್ಯಾಡ್‌ಸ್ಟನ್-ಡೇಲ್ ಲೆಕ್ಕ ಹಾಕಿ, ಸಾಂದ್ರತೆ, ಸಂಯೋಜನೆ, ವಕ್ರೀಭವನ ಮೂರೂ ಒಂದಕ್ಕೊಂದು ತಾಳೆ ಆಗುತ್ತಾ ಅಂತ ಅದು ಹೇಳುತ್ತೆ. ಲೆಕ್ಕದ ಉತ್ತರ 0.02ಗಿಂತ ಕಡಿಮೆ ಬಂದ್ರೆ ಅತ್ಯುತ್ತಮ, 0.08 ದಾಟಿದ್ರೆ ಎಲ್ಲೋ ತಪ್ಪಿದೆ, ನೀರಿನ ಲೆಕ್ಕದಿಂದಲೇ ಹುಡುಕೋಕೆ ಶುರು ಮಾಡಿ.

ಎಲ್ಲ ಸರಿ ಇದ್ರೆ ಅಂತರರಾಷ್ಟ್ರೀಯ ಖನಿಜಶಾಸ್ತ್ರ ಸಂಘದ ಹೊಸ ಖನಿಜಗಳ ಆಯೋಗಕ್ಕೆ ಪ್ರಸ್ತಾವ ಕಳಿಸ್ಬೇಕು, ಸಂಶೋಧನಾ ಲೇಖನ ಪ್ರಕಟಿಸೋ ಮೊದ್ಲು. ಅಲ್ಲಿ ಒಂದು ಪ್ರಶ್ನೆ ಬಂದೇ ಬರುತ್ತೆ, ಗಣಿ ಮನುಷ್ಯ ತೋಡಿದ್ದಲ್ವಾ ಅಂತ. ಬಂಡೆ ಮತ್ತು ನೀರು ತಾವಾಗೇ ಸೇರಿ ಹರಳು ಕಟ್ಟಿದ್ರೆ ಒಪ್ತಾರೆ, ಆದ್ರೆ ಲೋಹ ಕರಗಿಸಿ ಎಸೆದ ಕಿಟ್ಟದಂಥ ಮನುಷ್ಯ ಮಾಡಿದ ವಸ್ತುವಿನಿಂದ ಹುಟ್ಟಿದ್ದನ್ನ ಈಗ ಒಪ್ಪಲ್ಲ. ಗ್ರೀಸ್‌ನ ಲಾವ್ರಿಯೋನ್ ಕಿಟ್ಟದ ಖನಿಜಗಳು ಹಿಂದೆ ಒಪ್ಪಿಗೆ ಪಡೆದಿದ್ವು, ಈಗಿನ ನಿಯಮ ಬೇರೆ. ನಿಮ್ಮ ಹರಳು ತುಕ್ಕು ಹಿಡಿದ ಕಂಬಿ ಮೇಲಿತ್ತಾ ಬಂಡೆ ಮೇಲಿತ್ತಾ ಅನ್ನೋದಕ್ಕೆ ಆ ಮೊದಲ ಫೋಟೋನೇ ಆಧಾರ.

ಹೆಸರಿಗೆ ಊರು, ಗಣಿ, ಗುಣ, ವ್ಯಕ್ತಿ ಯಾವ್ದಾದ್ರೂ ಆಗಬಹುದು, ನಿಮ್ಮ ಹೆಸರನ್ನ ನೀವೇ ಇಟ್ಕೊಳ್ಳೋ ಹಾಗಿಲ್ಲ, ಬದುಕಿರೋ ವ್ಯಕ್ತಿ ಹೆಸರಾದ್ರೆ ಅವರ ಒಪ್ಪಿಗೆ ಬೇಕು. ಮೂಲ ಮಾದರಿಯನ್ನ ಮ್ಯೂಸಿಯಂಗೆ ಕೊಡ್ಲೇಬೇಕು. ಕೊಡುವಾಗ ಶೀಶೆನ ಸೀಲ್ ಮಾಡಿ, ಗಣಿಯಲ್ಲಿ ನೀವು ಅಳೆದ ತೇವಾಂಶ ಎಷ್ಟಿತ್ತು ಅನ್ನೋದನ್ನ ಲೇಬಲ್ ಮೇಲೆ ದೊಡ್ಡದಾಗಿ ಬರೆದುಕೊಡಿ.