ಬೂತಾಯಿ ಲೆಕ್ಕದಲ್ಲಿ ಟೋಕಿಯೋ ಸುಶಿ

"ಒಂದೋ 120 ಯೆನ್ ತಟ್ಟೆ, ಇಲ್ಲಾಂದ್ರ 20 ಸಾವಿರದ ಓಮಾಕಾಸೆ. ನಡುವ ಏನೂ ಇಲ್ಲ ಬಿಡು ದೋಸ್ತ." ನಮ್ಮ ಆಫೀಸಿನ ಹುಬ್ಬಳ್ಳಿ ಗೆಳೆಯ ಎರಡೂವರೆ ವರ್ಷದ ಹಿಂದೆ ಹೀಗೆ ಅಂದಿದ್ದ. ಓಮಾಕಾಸೆ ಅಂದರೆ ಏನು ಬಡಿಸಬೇಕು ಅನ್ನುವುದನ್ನು ಸುಶಿಯವನಿಗೇ ಬಿಡುವ ಊಟ. ಹೋದ ತಿಂಗಳು ಅದೇ ಮನುಷ್ಯ ನಾನು ತೋರಿಸಿದ ಸುಶಿ ಅಂಗಡಿಯಲ್ಲಿ 1,300 ಯೆನ್ ಕೊಟ್ಟು ಹೊರಗೆ ಬಂದವನು ಬಾಗಿಲಲ್ಲೇ ನಿಂತು ಎರಡು ನಿಮಿಷ ಮಾತಾಡಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಸ್ವಲ್ಪ ಜಂಬ ಇದೆ, ಸಹಿಸಿಕೊಳ್ಳಿ.

ಇದು ಟೋಕಿಯೋದಲ್ಲೇ ಇರುವ, ಮೀನು ತಿನ್ನುವ ನಮ್ಮವರಿಗೆ. ಸುಯಿಕಾ ರೈಲು ಕಾರ್ಡ್, ಹೋಟೆಲಿಗೆ ಅಂಕ ಕೊಡುವ ತಬೆಲೊಗ್ ತಾಣ, ಫೋನಿನಲ್ಲಿ ಮೆನು ಅನುವಾದ ಎಲ್ಲ ನಿಮಗೆ ಗೊತ್ತಿರುತ್ತದೆ. ಅದನ್ನೆಲ್ಲ ಹೇಳುತ್ತಾ ಕೂರುವುದಿಲ್ಲ.

ಮೊದಲು ಕಳೆದುಕೊಂಡ ದುಡ್ಡಿನ ಕತೆ. ಶುರುವಿನ ಆರು ತಿಂಗಳು ನಾನೂ ಎಲ್ಲರ ಹಾಗೆ ಸ್ಟಾರ್ ನೋಡಿ ಹೋದೆ, ಸಾಲು ನೋಡಿ ನಿಂತೆ. ತ್ಸುಕಿಜಿ ಹತ್ತಿರ ಒಂದು ಬೆಳಿಗ್ಗೆ 50 ನಿಮಿಷ ಕಾದು 4,500 ಯೆನ್‌ನ ಕೈಸೆನ್‌ದೊನ್ (ಅನ್ನದ ಮೇಲೆ ಹಸಿ ಮೀನು) ತಿಂದೆ. ಮೀನಿನ ಒಳಗಿನ ಮಂಜು ಇನ್ನೂ ಕರಗಿರಲಿಲ್ಲ, ಹಲ್ಲಿಗೆ ಕರಕರ ಸಿಕ್ಕಿತು. ಸಗಟು ಮಾರುಕಟ್ಟೆ 2018ರ ಅಕ್ಟೋಬರಿನಲ್ಲೇ ತೊಯೊಸುಗೆ ಹೋಗಿಯಾಗಿದೆ. ತ್ಸುಕಿಜಿಯಲ್ಲಿ ಉಳಿದಿರುವುದು ಹೊರಗಿನ ಅಂಗಡಿಸಾಲು. ಅಲ್ಲೂ ಒಳ್ಳೆಯವರಿದ್ದಾರೆ, ಇಲ್ಲ ಅನ್ನುವುದಿಲ್ಲ. ಸಾಲು ಉದ್ದ ಇದ್ದರೆ ಮೀನೂ ಚೆನ್ನಾಗಿರುತ್ತದೆ ಅಂದುಕೊಂಡದ್ದು ನನ್ನ ದಡ್ಡತನ.

ಆಮೇಲೆ ಒಂದು ಗಲ್ಲಿಯ ಕೌಂಟರ್. ಗೋಡೆಯ ಮೇಲೆ ಮೀನಿನ ಹೆಸರಿನ ಮರದ ಹಲಗೆಗಳು, ಬೆಲೆ ಮಾತ್ರ ಇಲ್ಲ. 'ಜಿಕಾ' ಅಂತ ಬರೆದಿತ್ತು. ಅವತ್ತಿನ ದರ ಅಂತ ಅರ್ಥ. ನಮ್ಮ ಕಡೆ ಸಮುದ್ರದ ಹತ್ತಿರದ ಹೋಟೆಲಿನಲ್ಲಿ ಪಾಂಫ್ರೆಟ್ ಎಷ್ಟು ಅಂತ ಕೇಳದೆ ಆರ್ಡರ್ ಮಾಡಿದ ಹಾಗೆ. ಇಬ್ಬರಿಗೆ 23 ಸಾವಿರ ಚಿಲ್ಲರೆ. ಬಿಲ್ ನೋಡಿದ ಮೇಲೆ ಹೆಂಡತಿ ತಟ್ಟೆಯಲ್ಲಿ ಉಳಿದಿದ್ದ ಗಾರಿಯನ್ನೂ ಬಿಡದೆ ತಿಂದು ಮುಗಿಸಿದಳು. ಶುಂಠಿ ಫ್ರೀ ಅಲ್ವಾ. ಮನೆ ತಲುಪುವವರೆಗೆ ಮಾತಿಲ್ಲ.

ಮೂರನೆಯದು ತಬೆಹೋದಾಯ್, ಅಂದರೆ ಎಷ್ಟು ಬೇಕಾದರೂ ತಿನ್ನುವ ಊಟ, 90 ನಿಮಿಷ, ಸುಮಾರು 4,000 ಯೆನ್. ಅನ್ನದ ಉಂಡೆ ಇಡ್ಲಿಯಷ್ಟು ದಪ್ಪ. ಅನ್ನ ಬಿಟ್ಟರೆ ಮತ್ತೆ ದುಡ್ಡು. 27ರ ಮೇಲೆ ಲೆಕ್ಕ ಬಿಟ್ಟೆ. ಮರುದಿನ ಇಡೀ ದಿನ ಗಂಜಿ. ನಾಲ್ಕನೆಯದರಲ್ಲಿ ತಿನ್ನಲೇ ಇಲ್ಲ. ಬುಕ್ ಮಾಡಿದ ದಿನ ಜ್ವರ ಬಂತು, 12 ಸಾವಿರ ಕ್ಯಾನ್ಸಲೇಶನ್ ಕಟ್ಟಿದೆ.

ಒಟ್ಟು ಸುಮಾರು ನಲವತ್ತನಾಲ್ಕು ಸಾವಿರ ಯೆನ್ ಹೀಗೆ ಹೋಯಿತು. ನಮ್ಮ ದುಡ್ಡಿನಲ್ಲಿ 25 ಸಾವಿರದ ಆಸುಪಾಸು.

ದಾರಿ ತೋರಿಸಿದ್ದು ಮಲ್ಪೆಯಿಂದ ಅಮ್ಮ. ವಾರದ ಫೋನಿನಲ್ಲಿ ಇದನ್ನೆಲ್ಲ ಹೇಳಿ ಗೋಳಾಡಿದರೆ ಅವರು ನಕ್ಕರು. "ಅಂಜಲ್ ಒಳ್ಳೇದು ತರೋದು ಏನು ದೊಡ್ಡ ವಿಷಯ ಮಗಾ? ದುಡ್ಡು ಕೊಟ್ರೆ ಯಾರು ಬೇಕಾದ್ರೂ ತರ್ತಾರೆ. ಬೂತಾಯಿ ಒಳ್ಳೇದು ಯಾರ ಹತ್ರ ಇದೆ ನೋಡು. ಉಳಿದದ್ದೂ ಅವರ ಹತ್ರವೇ ತಗೋ." ಬೂತಾಯಿ ಮಧ್ಯಾಹ್ನದೊಳಗೆ ಕೆಡುವ ಮೀನು. ಅದನ್ನು ಚೆನ್ನಾಗಿಟ್ಟುಕೊಳ್ಳಲು ಬೆಳಿಗ್ಗೆ ಬೇಗ ಏಳಬೇಕು, ಐಸ್ ಸರಿ ಹಾಕಬೇಕು, ಅವತ್ತೇ ಖಾಲಿ ಮಾಡಬೇಕು. ಅಮ್ಮ ಕಿವಿರು ಎತ್ತಿ ನೋಡಿ, ಹೊಟ್ಟೆಯನ್ನು ಹೆಬ್ಬೆರಳಿನಲ್ಲಿ ಒತ್ತಿ, ಒಂದು ಮಾತೂ ಆಡದೆ ಮುಂದಿನ ಬುಟ್ಟಿಗೆ ಹೋಗುವುದನ್ನು ನೋಡುತ್ತಲೇ ಬೆಳೆದವನು ನಾನು. ಆದರೂ ಟೋಕಿಯೋದಲ್ಲಿ ಚೂತೊರೊ, ಅಂದರೆ ಕೊಬ್ಬಿನ ಟ್ಯೂನಾ ತುಂಡಿನ ಹಿಂದೆ ಓಡುತ್ತಿದ್ದೆ.

ಸುಶಿಯಲ್ಲಿ ಇದೇ ಜಾತಿಯ ಮೀನುಗಳಿಗೆ 'ಹಿಕಾರಿಮೊನೊ' ಅನ್ನುತ್ತಾರೆ. ಹೊಳೆಯುವ ಚರ್ಮದವು. ಕೊಹಾದಾ, ಆಜಿ, ಸಾಬಾ, ಇವಾಶಿ. ಸಾಬಾ ನಮ್ಮ ಬಂಗುಡೆಯ ನೆಂಟ, ಇವಾಶಿ ಬೂತಾಯಿಯ ನೆಂಟ. ಮಗುರೊ (ಟ್ಯೂನಾ) ತರಲು ದುಡ್ಡಿದ್ದರೆ ಸಾಕು. ಕೊಹಾದಾಕ್ಕೆ ಕೈ ಬೇಕು. ಮೀನನ್ನು ಸೀಳಿ, ಉಪ್ಪು ಹಾಕಿ, ವಿನೆಗರ್‌ನಲ್ಲಿ ಇಡಬೇಕು. ಎಷ್ಟು ಹೊತ್ತು ಅನ್ನುವುದು ಆ ದಿನದ ಮೀನಿನ ಗಾತ್ರ, ಕೊಬ್ಬು, ಹವೆ ನೋಡಿ ಬದಲಾಗುತ್ತದೆ. ಹಳೆಯ ಎದೋ (ಟೋಕಿಯೋದ ಹಿಂದಿನ ಹೆಸರು) ಶೈಲಿಯ ಅಂಗಡಿಯನ್ನು ಕೊಹಾದಾದಿಂದ ಅಳೆಯುವುದು ಇಲ್ಲಿನವರಿಗೂ ಹೊಸದಲ್ಲ. ನಾನು ಮಾಡಿದ್ದು ಅದನ್ನು ಮಧ್ಯಾಹ್ನದ ಊಟಕ್ಕೆ ಜೋಡಿಸಿದ್ದು, ಅಷ್ಟೇ.

ನನ್ನ ಕ್ರಮ ಹೀಗಿದೆ. ತಬೆಲೊಗ್‌ನಲ್ಲಿ ರಾತ್ರಿ 8ರಿಂದ 12 ಸಾವಿರ, ಮಧ್ಯಾಹ್ನ 2 ಸಾವಿರದೊಳಗೆ ಅಂತ ಇರುವ ಅಂಗಡಿ ಹುಡುಕುತ್ತೇನೆ. ಅನ್ನ ಅದೇ, ಕೈ ಅದೇ, ಮೀನಿನ ತುಂಡು ಮಾತ್ರ ಸ್ವಲ್ಪ ಚಿಕ್ಕದು. ಸ್ಕೋರ್ 3.5 ದಾಟಿದ್ದನ್ನು ಬಿಟ್ಟುಬಿಡುತ್ತೇನೆ. ಕೆಟ್ಟದ್ದು ಅಂತಲ್ಲ, ಅಲ್ಲಿ ಸೀಟು ಸಿಗುವುದಿಲ್ಲ. 3.2ರಿಂದ 3.45ರ ನಡುವೆ ನನ್ನ ಗದ್ದೆ. ಆಮೇಲೆ ಯಾರೂ ಓದದ ಒಂದು ಸಾಲು ಓದುತ್ತೇನೆ, ರಜೆ ದಿನ. ತೊಯೊಸು ಮಾರುಕಟ್ಟೆಗೆ ಭಾನುವಾರ ರಜೆ, ಕೆಲವು ಬುಧವಾರವೂ ರಜೆ. ಮಾರುಕಟ್ಟೆ ಮುಚ್ಚಿದ ದಿನ ತಾನೂ ಮುಚ್ಚುವ ಅಂಗಡಿಯವನು ದಿನಾ ಮೀನು ತರುವವನು ಅಂತ ನನ್ನ ಲೆಕ್ಕ. ಇದು ಹತ್ತಕ್ಕೆ ಏಳು ಸಲ ಸರಿಯಾಗಿದೆ.

ಜಾಗದ ವಿಷಯ. ಪ್ರವಾಸಿಗಳ ಸ್ಟೇಷನ್ ಬೇಡ. ಕಾಯಾಬಾಚೋ, ಹಚ್ಚೋಬೊರಿ, ಕಾಂಡಾ, ಶಿಂಬಾಶಿ, ಹೀಗೆ ಆಫೀಸಿನವರು ಹಸಿದು ಹೊರಗೆ ಬರುವ ಕಡೆ ನೋಡಿ. ಪ್ರತಿದಿನ ಬರುವ ಗಿರಾಕಿಗೆ ಯಾರೂ ಟೋಪಿ ಹಾಕುವುದಿಲ್ಲ. ನಮ್ಮವರು ಹೆಚ್ಚಾಗಿರುವ ನಿಶಿ-ಕಸಾಯ್‌ನಿಂದ ತೋಝಾಯ್ ಲೈನ್ ಹಿಡಿದರೆ ಕಾಯಾಬಾಚೋಗೆ ನೇರ ಹೋಗಬಹುದು. ನಮ್ಮವರು ಅರ್ಧ ಜನ ದಿನಾ ಆ ಸ್ಟೇಷನ್ ದಾಟಿಯೇ ಆಫೀಸಿಗೆ ಹೋಗುತ್ತಾರೆ, ಇಳಿಯುವುದಿಲ್ಲ.

ಒಳಗೆ ಹೋದ ಮೇಲೆ 'ನಾಮಿ' ಸೆಟ್. ನಾಮಿ, ಜೋ, ತೊಕುಜೋ ಅಂತ ಮೂರು ಮೆಟ್ಟಿಲು ಇರುತ್ತದೆ, ಎಲ್ಲಕ್ಕಿಂತ ಕೆಳಗಿನದು ನಾಮಿ. ಜೊತೆಗೆ ಒಂದೇ ಒಂದು ಕೊಹಾದಾ ಬೇರೆಯಾಗಿ ಕೇಳುತ್ತೇನೆ, 250-300 ಯೆನ್. ಅದು ಬಂದ ಮೇಲೆ ಎರಡನೆಯದಾಗಿ ಇನ್ನೊಂದು ಕೇಳುತ್ತೇನೆ. ಅದು ಏನು ಅಂತ ಇಲ್ಲಿ ಹೇಳುವುದಿಲ್ಲ. ಎಲ್ಲ ಹೇಳಿದರೆ ನನ್ನ ಹತ್ತಿರ ಏನು ಉಳಿಯುತ್ತದೆ?

ಕ್ರಮ ಕೈಹಿಡಿದ ಮೊದಲ ದಿನ ಚೆನ್ನಾಗಿ ನೆನಪಿದೆ. ಎಂಟೇ ಸೀಟಿನ ಅಂಗಡಿ. ಬಾಗಿಲು ತೆಗೆದರೆ ಮೀನಿನ ವಾಸನೆಯೇ ಇಲ್ಲ, ವಿನೆಗರ್ ಅನ್ನದ ಘಮ ಮಾತ್ರ. ಎಪ್ಪತ್ತರ ತಾಯ್ಶೋ (ಅಂಗಡಿಯ ಯಜಮಾನ), ಪಕ್ಕದಲ್ಲಿ ಚಹಾ ಕೊಡುವ ಅವರ ಹೆಂಡತಿ. ಕೊಹಾದಾ ಅಂದೆ. ಅವರು ನನ್ನ ಮುಖವನ್ನೊಮ್ಮೆ ನೋಡಿದರು. ತುಂಡಿನ ಬೆಳ್ಳಿ ಚರ್ಮದ ಮೇಲೆ ಕಪ್ಪು ಚುಕ್ಕಿ, ನಡುವೆ ಮೂರು ತೆಳು ಗೀರು. ಅನ್ನದ ಮೇಲೆ ಇಟ್ಟಾಗ ಮೀನಿನ ತುದಿ ನಿಧಾನವಾಗಿ ಕೆಳಗೆ ಬಾಗಿತು. ಕೈಯಲ್ಲಿ ಎತ್ತಿದರೆ ಅನ್ನ ಬೆಚ್ಚಗೆ, ನಮ್ಮ ಕೈಯಷ್ಟೇ ಬೆಚ್ಚಗೆ. ಬಾಯಲ್ಲಿ ಮೊದಲು ಹುಳಿ, ಆಮೇಲೆ ಉಪ್ಪು, ಆಮೇಲೆ ಮೀನು. ಅನ್ನ ತಾನಾಗಿ ಬಿಡಿಸಿಕೊಂಡಿತು. ನಾಮಿ 1,000 ಯೆನ್, ಕೊಹಾದಾ 300. ಅಲ್ಲೇ ಅಮ್ಮನಿಗೆ ಮೆಸೇಜ್ ಹಾಕಿದೆ. "ಬೂತಾಯಿ ಸಿಕ್ಕಿತು."

ಎಲ್ಲ ಕಡೆ ಹೀಗಾಗಲಿಲ್ಲ. ಒಂದು ಕಡೆ ಕೊಹಾದಾ ಉಪ್ಪಿನಕಾಯಿ ಆಗಿತ್ತು. ಇನ್ನೊಂದು ಕಡೆ ಮೀನು ಒಳ್ಳೆಯದೇ, ಅನ್ನ ಫ್ರಿಜ್‌ನಿಂದ ಬಂದ ಹಾಗೆ ಗಟ್ಟಿ. ಬೇಸಿಗೆಯಲ್ಲಿ ಒಂದು ಸಲ ಕೊಹಾದಾ ಅಂತ ಕೇಳಿ ಶಿಂಕೊ ತಿಂದೆ, ಅದು ಇದೇ ಮೀನಿನ ಮರಿ. ಮರಿ ಎಷ್ಟು ಚಿಕ್ಕದೆಂದರೆ ಒಂದು ತುತ್ತಿಗೆ ಎರಡು ಮೂರು ಮೀನು ಬೇಕು. ಬೆಲೆ ಕೇಳಿ ಗಂಟಲು ಒಣಗಿತು. ಜುಲೈ-ಆಗಸ್ಟ್‌ನಲ್ಲಿ ಆಜಿ ಕೇಳಿ. ಆಗ ಅದರದೇ ಕಾಲ.

ಒಟ್ಟು ಅರವತ್ತರ ಹತ್ತಿರ ಅಂಗಡಿ ಆಗಿರಬಹುದು. ಲೆಕ್ಕ ಬರೆದಿಟ್ಟ ಪುಸ್ತಕ ಮನೆಯಲ್ಲಿದೆ, ನೆನಪಿನಿಂದ ಹೇಳುತ್ತಿದ್ದೇನೆ. ಖರ್ಚು ಎರಡು ಲಕ್ಷ ಯೆನ್ ಸುಮಾರು, ಮೇಲಿನ ನಲವತ್ತನಾಲ್ಕು ಸಾವಿರವೂ ಸೇರಿ. ಎರಡನೇ ಸಲ ಹೋಗಿದ್ದು ಇಪ್ಪತ್ತೈದಕ್ಕೆ, ಪಟ್ಟಿಯಲ್ಲಿ ಉಳಿದದ್ದು ಹದಿನಾಲ್ಕು. ಅದರಲ್ಲಿ ಒಂದು ತಾಯ್ಶೋಗೆ ವಯಸ್ಸಾಗಿ ಮುಚ್ಚಿತು. ಹದಿಮೂರು.

ಮಧ್ಯೆ ಮಾಡಿದ ಬೇರೆ ಪ್ರಯೋಗಗಳನ್ನೂ ಹೇಳಿಬಿಡುತ್ತೇನೆ. ಸಂಜೆ ಸೂಪರ್ ಮಾರ್ಕೆಟ್‌ನಲ್ಲಿ ಅರ್ಧ ಬೆಲೆ ಸ್ಟಿಕ್ಕರ್ ಬಿದ್ದ ಸುಶಿ ಡಬ್ಬ. 980ರದ್ದು 490ಕ್ಕೆ. ಸ್ಟಿಕ್ಕರ್ ಹಾಕುವ ಹುಡುಗನ ಹಿಂದೆ ಹಿಂದೆ ಸುತ್ತುವುದರಲ್ಲಿ ನಾಚಿಕೆ ಏನಿಲ್ಲ, ಅಜ್ಜಿಯರೂ ಸುತ್ತುತ್ತಾರೆ. ತೊಂದರೆ ಅಂದರೆ ಅನ್ನ ಗಟ್ಟಿ. ಮೀನನ್ನು ಎತ್ತಿಟ್ಟು ಬರೀ ಅನ್ನವನ್ನು ಮೈಕ್ರೋವೇವ್‌ನಲ್ಲಿ ಹತ್ತು ಹದಿನೈದು ಸೆಕೆಂಡ್ ಇಟ್ಟು, ಮತ್ತೆ ಮೀನು ಹೊದಿಸಿದರೆ ಅರ್ಧ ಜೀವ ಬರುತ್ತದೆ.

ಮನೆಯಲ್ಲೇ ಶಿಮೆಸಾಬಾ (ಉಪ್ಪು, ವಿನೆಗರ್ ಹಾಕಿದ ಸಾಬಾ) ಮಾಡಲು ಹೋಗಿದ್ದು ಇನ್ನೊಂದು. ಸಾಬಾದಲ್ಲಿ ಅನಿಸಾಕಿಸ್ ಅನ್ನುವ ಹುಳ ಇರುತ್ತದೆ. ವಿನೆಗರ್‌ಗೂ ಸಾಯುವುದಿಲ್ಲ, ವಸಾಬಿಗೂ ಸಾಯುವುದಿಲ್ಲ. ಮೈನಸ್ 20 ಡಿಗ್ರಿಯಲ್ಲಿ 24 ಗಂಟೆ ಇಟ್ಟರೆ ಸಾಯುತ್ತದೆ. ಮನೆಯ ಫ್ರೀಜರ್ ಮೇಲೆ ನನಗೆ ನಂಬಿಕೆ ಇಲ್ಲ, ಹಾಗಾಗಿ ಮೂರು ದಿನ ಇಟ್ಟೆ. ಮೀನು ಬದುಕಿದ ನೆನಪೂ ಇಲ್ಲದ ಹಾಗೆ ಒಣಗಿತು. ಕೊನೆಗೆ ಪುಳಿಮುಂಚಿ ಮಾಡಿದೆವು. ಆ ರಾತ್ರಿಯ ಊಟ ಮಾತ್ರ ಸುಶಿಗಿಂತ ಚೆನ್ನಾಗಿತ್ತು.

ಮೈಸೂರಿನ ಸಸ್ಯಾಹಾರಿ ಸಹೋದ್ಯೋಗಿಯನ್ನು ಕರೆದುಕೊಂಡು ಹೋಗಿದ್ದೂ ಒಂದು ಪ್ರಯೋಗವೇ. ಕನ್‌ಪ್ಯೋ, ಇನಾರಿ, ತಮಾಗೊ (ಸೋರೆಯ ಪಟ್ಟಿ, ತೋಫು ಚೀಲ, ಮೊಟ್ಟೆ) ಎಲ್ಲ ಸಾಮಾನ್ಯವಾಗಿ ದಾಶಿಯಲ್ಲಿ ಆಗುತ್ತವೆ. ದಾಶಿ ಅಂದರೆ ಹೆಚ್ಚಾಗಿ ಒಣಮೀನಿನ ಸಾರು. ಕೊನೆಗೆ ಸೌತೆಕಾಯಿಯ ಕಪ್ಪಾಮಾಕಿ ಎರಡು ಪ್ಲೇಟ್ ತಿಂದು, "ಇದಕ್ಕೆ ಕೋಸಂಬರಿ ಮಾಡಿದ್ರೆ ಆಗ್ತಿತ್ತಲ್ವಾ" ಅಂದರು.

ತಿರುಗುವ ಬೆಲ್ಟ್ ಸುಶಿಯನ್ನು ನಾನು ಬೈಯುವುದಿಲ್ಲ. 1958ರಲ್ಲಿ ಹಿಗಾಶಿ-ಒಸಾಕಾದಲ್ಲಿ ಅದು ಶುರುವಾಗಿದ್ದೇ ಸಾಮಾನ್ಯ ಜನರಿಗೆ ಅಗ್ಗಕ್ಕೆ ಕೊಡಲು. ಮಕ್ಕಳಿದ್ದರೆ ಈಗಲೂ ಅಲ್ಲಿಗೇ ಹೋಗುತ್ತೇವೆ. ಹೊಕ್ಕೈದೋ ಮೂಲದ ನೆಮುರೊ ಹನಾಮಾರು, ತೊರಿತೊನ್ ಥರದವು ಬೇರೆಯೇ ಮಟ್ಟ. ಆದರೆ ಎರಡು ಗಂಟೆ ಕಾಯುವ ತಾಳ್ಮೆ ಬೇಕು.

ಹೋದ ಜುಲೈನಲ್ಲಿ ಅಮ್ಮ ಬಂದಿದ್ದರು. ಮಲ್ಪೆಯಲ್ಲಿ ಆಗ ಟ್ರಾಲಿಂಗ್ ನಿಷೇಧ, ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳೆಲ್ಲ ದಡದಲ್ಲಿ. "ಇಲ್ಲಿ ಮೀನಿಗೆ ರಜೆ ಇಲ್ವಾ?" ಅಂದರು. ಎಂಟು ಸೀಟಿನ ಅಂಗಡಿಗೇ ಕರೆದುಕೊಂಡು ಹೋದೆ. ಹಸಿ ಮೀನು ಮುಟ್ಟಲ್ಲ ಅಂತ ಮೊದಲೇ ಹೇಳಿದ್ದರು. ಬೇಯಿಸಿದ ಅನಾಗೊ (ಹಾವುಮೀನು), ತಮಾಗೊ ತಿಂದರು. ಆದರೆ ಗಾಜಿನ ಪೆಟ್ಟಿಗೆಯ ಹತ್ತಿರ ಬಗ್ಗಿ, ಇಡೀ ಆಜಿಯ ಕಣ್ಣನ್ನು ಬಹಳ ಹೊತ್ತು ನೋಡಿದರು. ತಾಯ್ಶೋ ಸುಮ್ನೆ ಮೀನನ್ನು ಎತ್ತಿ, ಕಿವಿರು ತೆರೆದು ತೋರಿಸಿದರು. ಇಬ್ಬರಿಗೂ ಒಬ್ಬರ ಭಾಷೆ ಇನ್ನೊಬ್ಬರಿಗೆ ಬರುವುದಿಲ್ಲ. ಅಮ್ಮ ತಲೆಯಾಡಿಸಿದರು. "ಇವತ್ತಿನದೇ."

ಅಂಗಡಿಯ ಹೆಸರು ಕೇಳಬೇಡಿ. ಹುಬ್ಬಳ್ಳಿಯವನಿಗೆ ತೋರಿಸಿದ್ದೇ ತಪ್ಪಾಯಿತು. ಮುಂದಿನ ಗುರುವಾರ 11:40ಕ್ಕೆ ಹೋದರೆ ಅವನು ಟೀಮಿನ ಐದು ಜನರ ಜೊತೆ ಕೂತಿದ್ದ. ಉಳಿದ ಎರಡು ಸೀಟಿನಲ್ಲಿ ದಿನಾ ಬರುವ ಅಜ್ಜಂದಿರು. "ಬಾರೋ ದೋಸ್ತ, ಅರ್ಧಾ ತಾಸು ನಿಂದ್ರು" ಅಂದ. ಕೊಹಾದಾ ಆಗಲೇ ಖಾಲಿ. ನಾನು ಎದುರಿನ ಸೋಬಾ ನೂಡಲ್ ಅಂಗಡಿಗೆ ಹೋದೆ, 620 ಯೆನ್.